ನೆಲಕ್ಕಿಳಿಯದ ಗಿಡಗಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯದೆ ಕೂತೆ ಅಂತ ಬೇಜಾರು ಮಾಡಿಕೊಳ್ಳಬೇಡ. ಬಿಸಿಲು ಶುರುವಾಯಿತೆಂದರೆ ನರ್ಸರಿಯವರ ಪಾಡು ನಿನಗೆ ಗೊತ್ತಲ್ಲ. ಹಗಲೆಲ್ಲ ಪೈಪು ಹಿಡಿದು ಓಡಾಡಿ, ಆಮೇಲೆ ಪೆನ್ನು ಹಿಡಿಯೋಣ ಅಂದರೆ ಬೆರಳು ಮಡಚುವುದಿಲ್ಲ. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು “ಹೂಂ ಅಮ್ಮ, ಚೆನ್ನಾಗಿದೀನಿ” ಅನ್ನುವುದರಾಚೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಯಾರೋ ಪಾತ್ರೆ ಸರಿಸುವ ಸದ್ದು ಕೇಳುತ್ತಿರುತ್ತದೆ. ಅದಕ್ಕೆ ಕಾಗದವೇ ವಾಸಿ. ಇದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪುದೀನದ ಕುಂಡದ ತಳಕ್ಕೆ ಅಂಟಿಸಿ ಕಳಿಸುತ್ತೇನೆ. ಯಾವ ಗಿಡ ಕೈಗೆ ಬಂದರೂ ಮೊದಲು ತಲೆಕೆಳಗು ಮಾಡಿ ಬೇರು ನೋಡುವ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ, ಬೇರೆ ಯಾರೂ ನೋಡುವುದಿಲ್ಲ.

ಇಲ್ಲಿ ಎಲ್ಲ ಎಂದಿನಂತೆ. ನಿಮ್ಮಪ್ಪನ ಮಂಡಿ ನೋವು ಹೋಗಿಲ್ಲ, ಹೋದ ಬುಧವಾರದವರೆಗೆ ಬಾಯಿಯೂ ನಿಂತಿರಲಿಲ್ಲ. ಬಂದವರಿಗೆಲ್ಲ ಅದೇ ಪ್ರಶ್ನೆ: “ಕಣ್ಣಿಗೋ, ಬಾಯಿಗೋ?” ಹಿಂದೆ ಜನ ಒಂದನ್ನು ಹೇಳುತ್ತಿದ್ದರು. ಈಗಿನವರಿಗೆ ಎರಡೂ ಒಂದೇ ಕುಂಡದಲ್ಲಿ ಬೇಕು. ಸೊಪ್ಪಿನ ಸುತ್ತ ಚೆಂಡುಹೂ ಹಾಕುತ್ತಾರೆ, ಗುಲಾಬಿಯ ಬುಡದಲ್ಲಿ ಬೆಳ್ಳುಳ್ಳಿ. ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟರು ಐದು ಬಣ್ಣದ ಕಾಯಿ ಬಿಡುವ ಮೆಣಸಿನ ಗಿಡದ ಮುಂದೆ ನಿಂತು, ಇದು ಶೋಕಿಗೋ ಊಟಕ್ಕೋ ಅಂತ ಕೇಳಿದರು. ನಿಮ್ಮಪ್ಪ, “ನೋಡಿ ನೋಡಿ ಸಾಕಾದ್ಮೇಲೆ ತಿನ್ನಿ ಸಾರ್” ಅಂದರು. ಇನ್ನೊಬ್ಬ ಹೆಂಗಸಿಗೆ ಬಿಸಿಲು ಬೇಡದ, ನೀರು ಬೇಡದ, ವರ್ಷವಿಡೀ ಹೂ ಬಿಡುವ ಗಿಡ ಬೇಕಂತೆ. ಪ್ಲಾಸ್ಟಿಕ್ಕಿನದು ತಗೊಳ್ಳಿ ಅನ್ನುವ ಮಾತು ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ. ಜಗಳ ಆಡಲೂ ಶಕ್ತಿ ಬೇಕು.

ಜೊತೆಗೆ ನಿಮ್ಮಪ್ಪನ ಹಳೇ ಪುರಾಣ. “ನೋಡಿ, ಈ ನರ್ಸರಿ ಹುಟ್ಟಿದ್ದೇ ನನ್ನ ಹೆಂಡ್ತಿಯ ತಗಡಿನ ಡಬ್ಬಗಳಿಂದ. ಮದುವೆಯಾಗಿ ಬಂದ ಹೊಸದ್ರಲ್ಲಿ ಎಣ್ಣೆ ಡಬ್ಬ, ಒಡೆದ ಬಕೆಟ್ಟು, ಏನು ಸಿಕ್ಕಿದ್ರೂ ಅದ್ರಲ್ಲಿ ಗಿಡ ಹಾಕೋಳು. ದಾರೀಲಿ ಹೋಗೋರು ನಿಂತು, ಕೊಡ್ತೀರಾ ಅಂತ ಕೇಳೋರು. ಇವಳಿಗೆ ಆಗ್ಲೇ ವ್ಯಾಪಾರದ ಬುದ್ಧಿ.” ನಾನು ಪಕ್ಕದಲ್ಲಿ ನಗುತ್ತಾ ನಿಲ್ಲುತ್ತೇನೆ. ಇಷ್ಟು ವರ್ಷ ನಕ್ಕು ದವಡೆಗೂ ರೂಢಿಯಾಗಿದೆ.

ಇನ್ನು ನೀನು ಕೇಳಿದ ಸಸಿಗಳ ವಿಷಯ. ಪುದೀನ, ಕೊತ್ತಂಬರಿ, ಮೆಂತ್ಯ, ಒಂದು ಚೆರ್ರಿ ಟೊಮೆಟೊ, ಹೂವಿಗೆ ಟೇಬಲ್ ರೋಸ್ ಎರಡು ಬಣ್ಣ, ಎಲ್ಲ ನಾಳೆ ಟೆಂಪೊದಲ್ಲಿ ಬರುತ್ತವೆ. ಪುದೀನವನ್ನು ಬೇರೆಯವರ ಜೊತೆ ಒಂದೇ ಕುಂಡದಲ್ಲಿ ಇಡಬೇಡ, ಅದು ಜಾಗ ಕೊಟ್ಟವರನ್ನೇ ಎಬ್ಬಿಸುವ ಜಾತಿ. ಟೇಬಲ್ ರೋಸಿಗೆ ಬಿಸಿಲು ಎಷ್ಟಿದ್ದರೂ ಸರಿ, ನೀರು ಹೆಚ್ಚಾದರೆ ಕೊಳೆಯುತ್ತದೆ. ಟೊಮೆಟೊಗೆ ಕೋಲು ಕಟ್ಟು. “ನೆಲದಲ್ಲಿ ಊರೋದು ಯಾವುದೂ ಬೇಡ ಅಮ್ಮ, ಎತ್ತಿಡೋಕೆ ಹಗುರವಾಗಿರೋದು ಕಳಿಸು” ಅಂತ ಬರೆದಿದ್ದೆಯಲ್ಲ, ಎಲ್ಲ ಹಗುರದ ಕುಂಡಗಳಲ್ಲೇ ಹಾಕಿದ್ದೇನೆ.

ಆ ಸಾಲು ಓದಿದಾಗ ನಾನು ಏನು ತಿಳಿದುಕೊಂಡೆ ಗೊತ್ತೇ? ನಿಮ್ಮ ಹಿತ್ತಲ ಮಣ್ಣು ಕೆಟ್ಟದ್ದು ಅಂತ. ಗಿಡ ಹಿಡಿಯಲಿಲ್ಲವೆಂದರೆ ನಮ್ಮ ಕಸುಬಿನವರು ಮೊದಲು ಅನುಮಾನಿಸುವುದು ಮಣ್ಣನ್ನು, ಆಮೇಲೆ ನೀರನ್ನು, ಬಿಸಿಲನ್ನು. ನಿನ್ನ ಮದುವೆಯಲ್ಲಿ ಕೊಟ್ಟು ಕಳಿಸಿದ ಐದು ಗಿಡ, ನಿಂಬೆ, ದಾಳಿಂಬೆ, ಸೀಬೆ, ಮಲ್ಲಿಗೆ, ದಾಸವಾಳ, ಊರಿದೆಯಾ ಅಂತ ಕೇಳಿದಾಗಲೆಲ್ಲ ನೀನು “ಆಮೇಲೆ ಅಮ್ಮ” ಅನ್ನುತ್ತಿದ್ದದ್ದೂ ಅದಕ್ಕೇ ಅಂದುಕೊಂಡೆ. ಮಗಳು ಹೇಳಲು ನಾಚಿಕೊಂಡಿದ್ದಾಳೆ ಅಂತ ಕೆಂಪು ಮಣ್ಣು, ಗೊಬ್ಬರ ಮೂಟೆ ಕಟ್ಟಿ ಹೋದ ಬುಧವಾರ ನಿಮ್ಮಪ್ಪನನ್ನು ಅಟ್ಟಿದೆ. ಮಗಳಿಗೆ ಮಾತು ಬೇಕಿದ್ದಾಗ ಗೊಬ್ಬರ ಕಳಿಸಿದವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಅವರು ವಾಪಸ್ಸು ಬಂದು ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ಕೂತರು. ಮೂಟೆಗಳು ಹೋದ ಹಾಗೇ ಬಂದಿದ್ದವು.

“ಮಣ್ಣು ಹೇಗಿದೆ?” ಅಂದೆ.

“ಬೆಣ್ಣೆ ಕಣೇ. ಬೆರಳು ಇಟ್ರೆ ಇಳಿಯುತ್ತೆ. ನಮ್ಮ ಹತ್ರ ಇಲ್ಲ ಅಂಥ ಮಣ್ಣು.”

“ಮತ್ತೆ ಗಿಡ?”

“ಬಚ್ಚಲ ಹಿಂದೆ ಸಾಲಾಗಿ ಇಟ್ಟಿದಾಳೆ, ನಾವು ಕೊಟ್ಟ ಕವರಲ್ಲೇ. ನೀರು ಒಂದಿನಾನೂ ತಪ್ಪಿಸಿಲ್ಲ. ನಿಂಬೆ ಬೇರು ಕವರ್ ಹರ್ಕೊಂಡು ಹೊರಗೆ ಬಂದಿತ್ತು. ಅದನ್ನ ಕತ್ತರೀಲಿ ಕತ್ತರಿಸಿದಾಳೆ, ನೆಲಕ್ಕೆ ಇಳೀಬಾರದು ಅಂತ. ಮಾರೋ ಗಿಡಕ್ಕೆ ನಾವು ಮಾಡ್ತೀವಲ್ಲ, ಹಾಗೆ.”

ಆಮೇಲೆ ಚಪ್ಪಲಿ ಬಿಚ್ಚುತ್ತಾ ಇನ್ನಷ್ಟು ಹೇಳಿದರು. ನಿಮ್ಮತ್ತೆ, “ನಿಮ್ಮ ಮಗಳಿಗೆ ಗಿಡದ ಮೇಲಿರೋ ಕಾಳಜಿ ಮನುಷ್ಯರ ಮೇಲಿಲ್ಲ” ಅಂದರಂತೆ, ನಗುನಗುತ್ತಲೇ. ಅಳಿಯಂದಿರು ಊಟಕ್ಕೆ ಕೂತವರು ಒಂದು ಸಲವೂ ನಿನ್ನ ಹೆಸರು ಹಿಡಿದು ಕರೆಯಲಿಲ್ಲವಂತೆ. “ನೀರು” ಅಂದರಂತೆ, “ಉಪ್ಪು” ಅಂದರಂತೆ, ಅಷ್ಟೇ. ನೀನು ಗೇಟಿನವರೆಗೆ ಬಂದು, ಅಪ್ಪನ ಅಂಗಿಯ ಮೇಲಿದ್ದ ಮಣ್ಣು ಕೊಡವಿ, ಒಳಗೆ ಹೋದೆಯಂತೆ. ನಡೆದದ್ದು ನಿನಗೆ ಗೊತ್ತೇ ಇದೆ. ಅಪ್ಪನ ಕಣ್ಣಿಗೆ ಬಿದ್ದಿದೆ ಅನ್ನುವುದೂ ಗೊತ್ತಿರಲಿ ಅಂತ ಬರೆದೆ.

ಹಿಂದಿನ ಬೀದಿಯ ದರ್ಜಿಯ ಮಗಳು ಗಂಡನ ಮನೆ ಬಿಟ್ಟು ಬಂದಾಗ ಇದೇ ಮನುಷ್ಯ “ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ” ಅಂತ ಗಾದೆ ಹೇಳಿದ್ದರು, ನೆನಪಿದೆಯಾ? ಬುಧವಾರದಿಂದ ಅವರ ಬಾಯಲ್ಲಿ ಗಾದೆ ಇಲ್ಲ, ಪುರಾಣವೂ ಇಲ್ಲ. ಗಿರಾಕಿಗೆ ಕಣ್ಣಿಗೋ ಬಾಯಿಗೋ ಅಂತ ಕೇಳುವುದನ್ನೂ ಬಿಟ್ಟಿದ್ದಾರೆ. ನಿನ್ನ ಹಳೇ ಕೋಣೆಯಲ್ಲಿ ಬೀಜದ ಟ್ರೇ ಪೇರಿಸಿದ್ದೆವಲ್ಲ, ಒಂದೊಂದಾಗಿ ಹೊರಗೆ ಸಾಗಿಸುತ್ತಿದ್ದಾರೆ. ಯಾಕೆ ಅಂದರೆ, “ಅಲ್ಲಿ ಥಂಡಿ ಜಾಸ್ತಿ, ಬೀಜ ಕೊಳೆಯುತ್ತೆ” ಅನ್ನುತ್ತಾರೆ. ಈ ಬಿಸಿಲಲ್ಲಿ ಎಲ್ಲಿಯ ಥಂಡಿ. ಕುಂಟುತ್ತಾ ಗೋಡೆಗೆ ಸುಣ್ಣವನ್ನೂ ಹೊಡೆದರು. ನಾನು ಏಣಿ ಹಿಡಿದುಕೊಂಡೆ.

ನನಗೆ ಸುಸ್ತಾಗಿದೆ ಪುಟ್ಟಿ. ಕೈಕಾಲಿನದಲ್ಲ, ಅದು ಮಲಗಿ ಎದ್ದರೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಟೊಮೆಟೊ ಮೊದಲ ಹಣ್ಣು ಬಿಟ್ಟಾಗ ಯಾರಿಗೂ ಹಂಚದೆ ನೀನೇ ತಿನ್ನು. ನೀನು ಎಲ್ಲಿದ್ದರೂ ತಣ್ಣಗಿರು, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ವಿ.ಸೂ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ನಿಮ್ಮಪ್ಪ ಹೇಳುವ ಡಬ್ಬಗಳ ಕತೆ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಈ ಮನೆಯ ಹಿತ್ತಲಲ್ಲಿ ಆಗ ಬೇಕಾದಷ್ಟು ನೆಲವಿತ್ತು. ನಾನು ಡಬ್ಬದಲ್ಲಿ ಗಿಡ ಹಾಕಿದ್ದು, ಬಿಟ್ಟು ಹೋಗುವ ದಿನ ಎತ್ತಿಕೊಳ್ಳಲು ಸುಲಭವಾಗಲಿ ಅಂತ. ಆಗ ನಿಮ್ಮಪ್ಪನೂ “ನೀರು”, “ಉಪ್ಪು” ಅನ್ನುತ್ತಿದ್ದರು. ತವರಿಗೆ ಹೋದಾಗ ನನ್ನಮ್ಮನನ್ನು ಬಾಯಿಬಿಟ್ಟು ಕೇಳಿದೆ, ಇಲ್ಲೇ ಇದ್ದುಬಿಡಲಾ ಅಂತ. ಅವಳು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, “ನಿನ್ನ ಬಸ್ಸು ಎಷ್ಟು ಹೊತ್ತಿಗೆ?” ಅಂದಳು. ಹತ್ತಿಕೊಂಡು ಬಂದೆ. ಡಬ್ಬಗಳು ಮಾರಿಹೋದವು, ನರ್ಸರಿಯಾಯಿತು, ನೀನು ಹುಟ್ಟಿದೆ, ಬರುಬರುತ್ತಾ ನಿಮ್ಮಪ್ಪನೂ ಮೆತ್ತಗಾದರು. ಅವರಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕೇಳಿದೆಯಲ್ಲ ಅಂತ ಸಸಿ ಕಳಿಸುತ್ತಿದ್ದೇನೆ. ಬರಬೇಕು ಅನ್ನಿಸಿದ ದಿನ ಅವನ್ನು ಹೊತ್ತುಕೊಂಡು ಬರಬೇಡ, ಆ ಐದನ್ನೂ ಅಷ್ಟೇ. ಎಲ್ಲ ಅಲ್ಲೇ ಬಿಟ್ಟು ಕೈಬೀಸಿಕೊಂಡು ಬಾ. ಇಲ್ಲಿ ಗಿಡಕ್ಕೆ ಬರವಿಲ್ಲ. ನಿನ್ನ ಬಸ್ಸು ಎಷ್ಟು ಹೊತ್ತಿಗೆ ಅಂತ ನಾನು ಕೇಳುವುದಿಲ್ಲ.