ಸಂಬಳದ ಪುಸ್ತಕದಲ್ಲಿ ನಿನ್ನ ಸಹಿ

ಪಾಣೆಮಂಗಳೂರು
14 ಜೂನ್ 2001, ಗುರುವಾರ

ಪ್ರೀತಿಯ ಅಣ್ಣ ಫಯಾಝ್,

ಹೇಗಿದ್ದೀ? ದಮಾಮಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುವುದು ನಿಂತಿತಾ? ಉಮ್ಮ ದಿನಾ ಅದನ್ನೇ ಕೇಳುತ್ತಾರೆ, ತಾಯಿಯ ಜೀವ ಅಲ್ಲವಾ. ನಾವೆಲ್ಲ ಆರಾಮ ಎಂದು ಬರೆಯಲು ಕುಳಿತೆ, ಕೈ ಬರುವುದಿಲ್ಲ. ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ನಾನು ಬಿ.ಸಿ.ರೋಡಿನಲ್ಲಿ ವಾರಿಜಾಕ್ಷಿ ಮೇಡಂ ಅವರ ತೆರಿಗೆ ಲೆಕ್ಕದ ಆಫೀಸಿಗೆ ಸೇರಿದ್ದು ನಿನಗೆ ಗೊತ್ತುಂಟಲ್ಲ. ಸೋಮವಾರ ಹೊಸ ಕಕ್ಷಿದಾರರೊಬ್ಬರು ಬಂದರು. ಬೇರೆ ಯಾರೂ ಅಲ್ಲ, ಗಲ್ಫಿಗೆ ಹೋಗುವ ಮೊದಲು ನೀನು ಎರಡು ವರ್ಷ ದುಡಿದ, ನಮ್ಮ ಉಪ್ಪ ಈಗಲೂ ಲೆಕ್ಕ ಬರೆಯುವ ರೈಟರ್ ಆಗಿರುವ ಹೆಂಚಿನ ಕಾರ್ಖಾನೆಯವರು. ಏಪ್ರಿಲಿನಲ್ಲಿ ಹಳೆಯ ಧಣಿ ತೀರಿಕೊಂಡ ಮೇಲೆ ಮಗ ಧನರಾಜ್ ನೋಡಿಕೊಳ್ಳುತ್ತಿದ್ದಾರೆ. ಹಿಂದಿನದೆಲ್ಲ ಸರಿಪಡಿಸಿ ಕೊಡಿ ಎಂದು ಮೂರು ಗೋಣಿ ಪುಸ್ತಕ ಇಳಿಸಿ ಹೋದರು. ಸಂಬಳದ ರಿಜಿಸ್ಟರಿಗೂ ತಲೆಗಿಷ್ಟೆಂದು ವೃತ್ತಿ ತೆರಿಗೆ ಕಟ್ಟಿದ ಚಲನಿಗೂ ತಾಳೆ ಹಾಕುವುದು ನನ್ನ ಪಾಲಿಗೆ ಬಂತು. ಸಂಬಳ ಇಪ್ಪತ್ತಾರು ಜನರಿಗೆ, ತೆರಿಗೆ ಇಪ್ಪತ್ತಮೂರು ಜನರದ್ದು. ಪ್ರತಿ ತಿಂಗಳೂ ಹಾಗೆಯೇ. ಉಳಿದ ಮೂವರು ಯಾರೆಂದು ಮಂಗಳವಾರ ಒಂದೊಂದೇ ಹೆಸರಿಗೆ ಬೆರಳಿಟ್ಟು ಹುಡುಕಿದೆ. ಮೂರನೆಯದು ನಿನ್ನದು. ನೀನು ಹೋದದ್ದು ತೊಂಬತ್ತೇಳರಲ್ಲಿ. ಕಳೆದ ಮಾರ್ಚಿನವರೆಗೂ ನೀನು ಸಂಬಳ ತೆಗೆದುಕೊಂಡಿದ್ದೀ, ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿದ್ದೀ. ಆ ಅಕ್ಷರ ಯಾರದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಶಾಲೆಯ ಪುಸ್ತಕಗಳಿಗೆ ಹೆಸರು ಬರೆದುಕೊಟ್ಟದ್ದು ಅದೇ ಕೈ, ನಮ್ಮ ತಂದೆಯ ಕೈ.

ತಲೆನೋವೆಂದು ಹೇಳಿ ಮನೆಗೆ ಬಂದೆ. ಉಪ್ಪ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದರು. ಕೇಳಿದೆ. ಅವರು ಸುಳ್ಳು ಹೇಳಬಹುದು ಎಂದು ಕಾಯುತ್ತಿದ್ದೆ, ಹೇಳಿದರೆ ನಂಬಲೂ ತಯಾರಿದ್ದೆ.

"ಹೌದು, ನಾನೇ ಹಾಕಿದ್ದು," ಎಂದರು. "ಮೊದಲ ತಿಂಗಳು ಆ ಸಾಲನ್ನು ಕೊನೆಗೆ ಬಿಟ್ಟಿದ್ದೆ. ಮತ್ತೆ ಅಭ್ಯಾಸ ಆಯ್ತು."

ಲಾಭ ಕಡಿಮೆ ತೋರಿಸಲು ಹಳೆಯ ಧಣಿ ಬರೆಸಿದ್ದಂತೆ. ಬರೆಯದಿದ್ದರೆ ನಾಳೆಯಿಂದ ಬರಬೇಡ ಎಂದಿದ್ದರಂತೆ. ಇಲ್ಲದವರ ಸಂಬಳ ಧಣಿಯ ಪೆಟ್ಟಿಗೆಗೇ ಹೋಗುತ್ತಿತ್ತು. ಉಪ್ಪ ಅದರಲ್ಲಿ ಒಂದು ರೂಪಾಯಿ ಮುಟ್ಟಿಲ್ಲ ಎಂದರು. ನಾನು ನಂಬುತ್ತೇನೆ. ಆದರೂ ಅಣ್ಣ, ಹತ್ತು ರೂಪಾಯಿ ಹೆಚ್ಚು ಕೊಟ್ಟ ಅಂಗಡಿಗೆ ಸುಡುಬಿಸಿಲಲ್ಲಿ ನಡೆದು ಹೋಗಿ ಹಿಂದೆ ಕೊಟ್ಟವರು ಇವರೇ ಅಲ್ಲವಾ? ಅಂದು ಅವರ ಮುಖ ನೋಡಲು ನನಗೆ ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಮೇಡಂ ಅವರಿಗೆ ಎಲ್ಲ ಹೇಳಿದೆ. ಹೇಳುತ್ತೇನೆಂದು ಉಪ್ಪನಿಗೆ ತಿಳಿಸಿಯೇ ಹೋಗಿದ್ದೆ, ಅವರು ತಡೆಯಲಿಲ್ಲ. ಮೇಡಂ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು, "ಆ ಪುಸ್ತಕ ಇನ್ನು ನೀನು ಮುಟ್ಟುವುದು ಬೇಡ, ನಾನೇ ನೋಡ್ತೇನೆ" ಎಂದರು. ಬಾಕಿ ತೆರಿಗೆ ಕಟ್ಟಲು ಧನರಾಜ್ ಒಪ್ಪಿದ್ದಾರೆ. ಉಪ್ಪನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನ ರೂಮಿನವರಿಗೆಲ್ಲ ನಮ್ಮ ಸಲಾಂ. ಅಲ್ಲಾಹು ನಿನ್ನನ್ನು ಕಾಪಾಡಲಿ.

ನಿನ್ನ ತಂಗಿ
ಸಜ್ನಾ

ಮರೆತೆ: ನೀನು ಸೌದಿಗೆ ಇಳಿದ ದಿನದ ಮೊಹರು ಇರುವ ಪಾಸ್‌ಪೋರ್ಟಿನ ಪುಟದ ಝೆರಾಕ್ಸ್ ಬೇಗ ಕಳುಹಿಸು, ನೀನು ಇಲ್ಲಿರಲಿಲ್ಲ ಎಂದು ತೋರಿಸಲು ಬೇಕು. ಕೇಳು ಎಂದು ಹೇಳಿದ್ದು ಮೇಡಂ ಅಲ್ಲ, ಉಪ್ಪ. ಅದು ಬಂದ ದಿನ ತಾನೇ ತೆರಿಗೆ ಇಲಾಖೆಗೆ ತೆಗೆದುಕೊಂಡು ಹೋಗಿ, ಸುಳ್ಳು ಸಹಿ ತನ್ನದೆಂದು ಬರೆದುಕೊಡುತ್ತಾರಂತೆ. ಈ ಕಾಗದ ಸಿಕ್ಕಿದ ಮೇಲೆ ಶುಕ್ರವಾರ ಫೋನು ಮಾಡಿದಾಗ ಅವರನ್ನು ಏನೂ ಕೇಳಬೇಡ. ಅವರು ಮಾತಾಡದಿದ್ದರೂ ನೀನು ಫೋನು ಇಡಬೇಡ.