ಬಲಗಾಲಿನ ಅಳತೆ

ಭಾನುವಾರ, ಮಾರ್ಚ್ ೧೪

ನನ್ನ ಮಿಡತೆಗೆ,

ಹೀಗೆ ಕರೆದರೆ ನಿನಗೀಗ ಸಿಟ್ಟು ಬರುತ್ತದೆ ಎಂದು ಚಿಕ್ಕಮ್ಮ ಹೇಳಿದಳು. ಬರಲಿ. ಮೂರು ವರ್ಷದವಳಿದ್ದಾಗ ನೀನು ನನ್ನ ಹೊಲಿಗೆ ಯಂತ್ರದ ಮೇಲಿಂದ ಮಂಚಕ್ಕೆ ಹಾರಿದ ದಿನ ಇಟ್ಟ ಹೆಸರು ಇದು. ಹದಿನಾರು ವರ್ಷಕ್ಕೆ ವಾಪಸ್ ತಗೋ ಎಂದರೆ ನನ್ನಿಂದಾಗದು.

ನೀನು ಚಿಕ್ಕಮ್ಮನ ಮನೆಗೆ ಹೋಗಿ ನಲವತ್ತು ದಿನವಾಯಿತು. ನನ್ನ ಫೋನ್ ಎತ್ತುವುದಿಲ್ಲ. ಹೋದ ವಾರ ಕಾಗದ ಬಂತೆಂದು ಕೈ ಒರೆಸಿಕೊಂಡು ಓಡಿದರೆ ಒಳಗೆ ಒಂದೇ ಸಾಲು. "ಅಮ್ಮ, ನನ್ನ ಮಂಡಿ ಹಾಳಾಗ್ತಿದೆ ಅಂತ ನಿನಗೆ ಯಾವಾಗಿಂದ ಗೊತ್ತಿತ್ತು?" ಅದಕ್ಕೆ ಉತ್ತರ ಬರೆಯುತ್ತೇನೆ. ಮೊದಲು ಬೇರೆ ಮಾತು.

ಫಿಸಿಯೋಥೆರಪಿಯವರನ್ನು ಮತ್ತೆ ಹೋಗಿ ಕಂಡೆ. ನಿನ್ನಂಥ ಮಂಡಿಗೆ ಯಾವ ಆಟ ಸರಿ ಎಂದು ಕೇಳಿ, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡೆ. ಬ್ಯಾಡ್ಮಿಂಟನ್ ಬೇಡವಂತೆ, ಗಕ್ಕನೆ ತಿರುಗಬೇಕು. ದೋಣಿ ಹುಟ್ಟು ಹಾಕುವುದರಲ್ಲಿ ಮಂಡಿ ಪೂರ್ತಿ ಮಡಚಬೇಕು, ಅದೂ ಈಗ ಬೇಡ. ಸೈಕಲ್ ಆಗಬಹುದು, ಸೀಟು ಎತ್ತರಿಸಿ, ಏರು ಹತ್ತದೆ ತುಳಿದರೆ. ಬಿಲ್ಲುಗಾರಿಕೆ ಎಂದಾಗ ನನಗೇ ನಗು ಬಂತು. ನಿಂತಲ್ಲಿ ಐದು ನಿಮಿಷ ನಿಲ್ಲದ ಹುಡುಗಿ ನೀನು. ಎಲ್ಲಕ್ಕಿಂತ ಒಳ್ಳೆಯದು ಈಜು, ನೀರು ಮೈಭಾರ ಹೊರುತ್ತದೆ, ಕೀಲಿಗೆ ಪೆಟ್ಟು ಬೀಳುವುದಿಲ್ಲ ಎಂದರು. ಕಪ್ಪೆ ಈಜು ಮಾತ್ರ ಬೇಡ, ಅದರಲ್ಲಿ ಮಂಡಿ ತಿರುಚುತ್ತದೆ. ಬೆನ್ನ ಮೇಲೆ ಈಜಬಹುದು.

ನಿನ್ನ ಕೋಪ ಗೊತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಓಡೋಕಾಗದೋರನ್ನ ನೀರಿಗೆ ಹಾಕ್ತಾರಾ?" ಹಾಗಾಗಿ ನಾನೇ ಬೆಳಿಗ್ಗೆ ಏಳಕ್ಕೆ ಈಜುಕೊಳಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ನಿನ್ನ ವಯಸ್ಸಿನ ಒಬ್ಬಳು ಕೋಲು ಊರಿಕೊಂಡು ಬಂದಳು. ಕೋಲನ್ನು ಗೋಡೆಗೆ ಒರಗಿಸಿ ನೀರಿಗಿಳಿದಳು. ಆಮೇಲೆ ಅವಳು ಯಾವಳು, ಉಳಿದವರು ಯಾರು ಎಂದು ನನಗೆ ಗುರುತೇ ಸಿಗಲಿಲ್ಲ. ಗೋಡೆಗೊರಗಿದ ಕೋಲನ್ನೇ ನೋಡುತ್ತ ಕೂತು ಅತ್ತೆ. ಕ್ಲೋರಿನ್ ಕಣ್ಣಿಗೆ ಹೋಯಿತೆಂದು ಪಕ್ಕದವರಿಗೆ ಹೇಳಿದೆ.

ಈ ಪೊಟ್ಟಣದಲ್ಲಿ ಈಜುಡುಗೆ ಇದೆ, ಪಾದದವರೆಗೆ ಬರುವಂಥದ್ದು. ಅಂಗಡಿಯಲ್ಲಿ ಕೊಂಡದ್ದು. ಆ ಬಟ್ಟೆಗೆ ಬೇರೆ ಯಂತ್ರ ಬೇಕು, ಅದಕ್ಕೇ ನಾನು ಹೊಲಿಯಲಿಲ್ಲ.

ಇನ್ನು ನಿನ್ನ ಪ್ರಶ್ನೆ. ಆಯ್ಕೆಯ ಓಟದಲ್ಲಿ ನೀನು ಐದನೇ ಹರ್ಡಲ್ ಮೇಲೆ ಬಿದ್ದೆಯಲ್ಲ, ಆ ದಿನವೇ ನನಗೂ ಗೊತ್ತಾಗಿದ್ದು. ನೋವು ಎಂದಾಗಲೆಲ್ಲ ಐಸ್ ಇಡು ಎಂದ ನಿನ್ನ ಕೋಚನ್ನು ಕೇಳು. ದಿನಾ ನಿನ್ನ ಕಾಲು ನೋಡುತ್ತಿದ್ದವರು ಅವರು. "ಆರು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ ಇಷ್ಟು ಸವೀತಿರಲಿಲ್ಲ" ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಫ್ಯಾನ್ ನೋಡಿದೆ.

ಕೊಳಕ್ಕೆ ಹೋಗು ಕಂದಾ. ನನ್ನ ಮೇಲಿನ ಸಿಟ್ಟನ್ನು ಕಾಲಿನ ಮೇಲೆ ತೀರಿಸಿಕೊಳ್ಳಬೇಡ. ಉಳಿದಿರುವ ಮಂಡಿಯನ್ನಾದರೂ ಉಳಿಸಿಕೊಳ್ಳಬೇಕು.

ಇಲ್ಲಿ ಇಬ್ಬರಿಗೆಂದು ಅನ್ನಕ್ಕಿಟ್ಟು ಒಬ್ಬಳೇ ಉಣ್ಣುವ,
ನಿನ್ನ ಅಮ್ಮ

ತಾ.ಕ.: ಸೋಮವಾರ ಪೊಟ್ಟಣ ಅಂಟಿಸಿ ಅಂಚೆ ಕಚೇರಿಯವರೆಗೂ ಹೋಗಿದ್ದೆ. ವಾಪಸ್ ಬಂದು ಬಿಚ್ಚಿದ್ದೇನೆ. ಬಿಚ್ಚುವುದು ನನಗೆ ಹೊಸದಲ್ಲ.

ಆಗಸ್ಟಿನಲ್ಲಿ ನೀನು ಓಟದ ಪ್ಯಾಂಟು ಬಿಗಿಯಾಗ್ತಿದೆ ಎಂದೆ. ನಾನು ಟೇಪ್ ಹಿಡಿದೆ. ಎಡಮಂಡಿ ಹದಿಮೂರು ಇಂಚು, ಬಲಮಂಡಿ ಹದಿಮೂರೂಕಾಲು. "ಬೆಳೆಯೋ ವಯಸ್ಸು ಕಣೇ" ಎಂದೆ. ಬಲಗಾಲಿನ ಹೊಲಿಗೆ ಬಿಚ್ಚಿ ಕಾಲಿಂಚು ಬಿಟ್ಟೆ. ಅಕ್ಟೋಬರಿನಲ್ಲಿ ಮತ್ತೆ ಕಾಲಿಂಚು. ಡಿಸೆಂಬರಿನಲ್ಲಿ ಮತ್ತೆ. ಇಪ್ಪತ್ತು ವರ್ಷದಿಂದ ಊರವರ ಕೈಕಾಲು ಅಳೆಯುವವಳು ನಾನು. ಬೆಳೆಯುವ ಮಕ್ಕಳಿಗೆ ಒಂದೇ ಕಾಲು ಬೆಳೆಯುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜನವರಿಯ ಆಯ್ಕೆ ಒಂದು ಮುಗಿಯಲಿ ಎಂದುಕೊಂಡೆ. ಮೈಕಿನಲ್ಲಿ ನಿನ್ನ ಹೆಸರು ಕೂಗಿದಾಗ ನನ್ನನ್ನೇ ಕರೆದಂತಾಗುತ್ತಿತ್ತು. ಆ ಆಸೆಗೆ ನಿನ್ನ ಕಾಲು ಕೊಟ್ಟೆ. ಕೋಚಿನದು ತಪ್ಪಿಲ್ಲ. ಹೊಲಿಗೆ ಅಷ್ಟು ಸಡಿಲವಿದ್ದರೆ ಊತ ಯಾರಿಗೆ ಕಾಣುತ್ತದೆ?

ಯಂತ್ರದ ಮಾತೂ ಸುಳ್ಳು. ನೀನು ಹುಟ್ಟಿದಂದಿನಿಂದ ನಾನು ಹೊಲಿಯದ ಮೊದಲ ಬಟ್ಟೆ ಇದು. ಎರಡು ಕಾಲಿಗೂ ಒಂದೇ ಅಳತೆ ಇದೆ, ನಾನು ಮುಟ್ಟಿಲ್ಲ. ಬಲಗಾಲಿಗೆ ಬಿಗಿಯಾದರೆ ನನಗೆ ಹೇಳಬೇಡ. ಡಾಕ್ಟರಿಗೆ ಹೇಳು.