ಈಗ ಬಂದೆ ಅಂದವನ ದೋಣಿ

ಮಾರ್ಚ್ ೪, ಮಂಗಳವಾರ. ಮಧ್ಯಾಹ್ನ

ಎರಡು ಸೆಟ್ ಕಟ್ಟುಹಲ್ಲು ಪಾಲಿಶ್ ಮಾಡಿ ಹಲ್ಲಿನ ಡಾಕ್ಟರಿಗೆ ಕಳಿಸಿದೆ. ಮೂರನೆಯದರ ಮೇಣ ಇನ್ನೂ ಗಟ್ಟಿಯಾಗಬೇಕು. ಆ ಬಿಡುವಿನಲ್ಲಿ ಎಂದಿನಂತೆ ಕಂಪ್ಯೂಟರಿನಲ್ಲಿ ಆನ್‌ಲೈನ್ ಆಟ. ಕೆರೆ, ದೋಣಿ, ಎದುರಿಗೆ ಹಳದಿ ಟೋಪಿ ಹಾಕಿಕೊಂಡು ಅವನು, ನನ್ನ ಗಂಡ. ನೀರಿನಲ್ಲಿ ಗಾಳ. ತಲೆಯ ಮೇಲೆ ಅವನೇ ಟೈಪ್ ಮಾಡಿಟ್ಟ ಸಾಲು — ಹಾಲು ತರ್ತೀನಿ, ಈಗ ಬಂದೆ.

ಹಾಲು ತರಲು ಹೋದವನಿಗೆ ಲಾರಿ ಗುದ್ದಿದ್ದು ನವೆಂಬರಿನಲ್ಲಿ. ಅವನ ಕಂಪ್ಯೂಟರ್ ಒಳಕೋಣೆಯಲ್ಲಿ ಹಾಗೇ ಆನ್. ಆರಿಸಲು ಯಾರಿಗೂ ಕೈ ಬರಲಿಲ್ಲ. ಗಾಳ ಹಾಕಿ ಕೂತವರನ್ನು ಈ ಆಟ ತಾನಾಗಿ ಹೊರಗೆ ಹಾಕುವುದಿಲ್ಲ.

ನನ್ನ ಕಂಪ್ಯೂಟರಿನಿಂದ ಹೋಗಿ ಎದುರಿಗೆ ಕೂತೆ. ಮೇಣ ಗಟ್ಟಿಯಾಯಿತು.

ಮಾರ್ಚ್ ೮, ಶನಿವಾರ

ಮೈದುನ ಬಂದಿದ್ದ. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದೆ, ಅದು ಕಾಯುವ ವಸ್ತುವಲ್ಲ. ಒಳಕೋಣೆಯಿಂದಲೇ ಕೂಗಿದ — "ಅತ್ತಿಗೆ, ಅಣ್ಣನ ಕಂಪ್ಯೂಟರ್ ಬಾಗಿಲಿಲ್ಲದ ಮನೆ ಥರ ಇದೆ. ಒಂದು ಫೈರ್‌ವಾಲ್ ಹಾಕಿಬಿಡ್ಲಾ?" ಹೂಂ ಅಂದೆ. ಏನು ಕೇಳಿದ ಅಂತ ಕಿವಿಗೆ ಬಿದ್ದದ್ದು ಆಮೇಲೆ.

ಅದೇ ದಿನ, ಸಂಜೆ

ದೋಣಿ ಖಾಲಿ.

ಒಳಕೋಣೆಗೆ ಓಡಿದೆ. ಪರದೆಯ ಮೇಲೆ ಕೆಂಪು ಚೌಕ — ಅಪರಿಚಿತ ಪ್ರೋಗ್ರಾಂ, ಸಂಪರ್ಕ ತಡೆಯಲಾಗಿದೆ. ಮೈದುನನಿಗೆ ಫೋನ್.

"ಅಯ್ಯೋ, ಅದಕ್ಯಾಕೆ ಇಷ್ಟು ಗಾಬರಿ? ಆನ್‌ಲೈನ್ ಆಟ ಕಂಡ್ರೆ ಫೈರ್‌ವಾಲ್ ಹಂಗೇ ಅಡ್ಡ ಹಾಕುತ್ತೆ. ಈ ಸಲಕ್ಕೆ ಅನುಮತಿಸು ಅಂತ ಇದೆ ನೋಡಿ, ಒತ್ತಿ."

ಒತ್ತಿದೆ. ಆಟ ತೆರೆಯಿತು. ಪಾಸ್‌ವರ್ಡ್ ಕೇಳಿತು... ನನ್ನ ಹೆಸರು ಹಾಕಿದೆ. ಅಲ್ಲ. ಮದುವೆಯ ತಾರೀಖು. ಅದೂ ಅಲ್ಲ.

"ಅತ್ತಿಗೆ... ಇಷ್ಟು ದಿನ ಅಣ್ಣ ಒಳಗೇ ಇದ್ನಾ?"

ಬಯ್ಯೋಣ ಎಂದುಕೊಂಡೆ. ಆ ಕಡೆ ಅವನು ಅಳುತ್ತಿದ್ದ.

ಮಾರ್ಚ್ ೯, ಭಾನುವಾರ

ಅತ್ತೆ ಒಳಕೋಣೆಯಿಂದ ಬಂದು ಕೇಳಿದರು — "ಎಲ್ಲಿ ಕಣೇ ಅವನು?"

ಇವರ ತಲೆ ಕೆಟ್ಟಿತೇ? ಆಮೇಲೆ ಗೊತ್ತಾಯಿತು. ಕಟ್ಟುಹಲ್ಲು ಸವೆಸುವ ನನ್ನ ಗ್ರೈಂಡರ್ ಸದ್ದು ಶುರುವಾದ ಕೂಡಲೇ ದಿನವೂ ಹೋಗಿ ಅವನ ಪರದೆಯ ಮುಂದೆ ಕೂರುತ್ತಿದ್ದರಂತೆ.

"ಒಂದೆರಡು ಮಾತಾಡಿ ಬರ್ತಿದ್ದೆ. ನೀನು ನಗ್ತೀಯ ಅಂತ ಹೇಳ್ಲಿಲ್ಲ."

"ನಾನೂ ಹೋಗ್ತಿದ್ದೆ ಅತ್ತೆ."

ಫೈರ್‌ವಾಲ್ ಎಂದರೆ ಬೆಂಕಿಯ ಗೋಡೆ ಎಂದೆ. "ನಮ್ಮನೆಗೆ ಬಿದ್ದ ಬೆಂಕಿ ಸಾಲ್ದು ಅಂತ ಇದೊಂದು" ಎಂದರು. ನಕ್ಕೆವು. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಇಷ್ಟು ದಿನದ ಮೇಲೆ ಆಟಕ್ಕೆ ಹೋದೆ. ದಡದಲ್ಲಿ ಕೊಕ್ಕರೆ ಅನ್ನುವ ಹೆಸರಿನ ಆಟಗಾರ. ಯಾರೋ, ಯಾವ ದೇಶದಲ್ಲಿದ್ದಾರೋ. ಬರೆದರು — ಎಲ್ಲಿ ನಿಮ್ಮ ಯಜಮಾನ್ರು? ಕೊನೆಗೂ ಮೀನು ಸಿಕ್ತಾ?

ಹೊರಗೆ ಹೋಗಿದಾರೆ ಎಂದು ಟೈಪ್ ಮಾಡಿದೆ. ಅಳಿಸಿದೆ. ತೀರಿಕೊಂಡ್ರು. ಎಂಟರ್ ಒತ್ತಿದೆ.

ಕೊಕ್ಕರೆ ಟೋಪಿ ತೆಗೆದು ನಿಂತರು. ನಾನು ಹೊರಡುವವರೆಗೂ ನಿಂತೇ ಇದ್ದರು.

ಮಾರ್ಚ್ ೨೩, ಭಾನುವಾರ. ಸಂಜೆ

ಬೆಳಗ್ಗೆ ಅತ್ತೆ — "ಆ ಗೋಡೆ ನನ್ನ ಒಳಗೆ ಬಿಡುತ್ತಾ?"

ಅವನ ಕಂಪ್ಯೂಟರಿನಲ್ಲೇ ಅವರಿಗೊಂದು ಹೊಸ ಖಾತೆ ತೆರೆದೆ. ಫೈರ್‌ವಾಲ್ ಮತ್ತೆ ಅಡ್ಡ ಬಂತು. ಅತ್ತೆ ಕನ್ನಡಕ ಸರಿಮಾಡಿಕೊಂಡು, "ಸರಿಯೋ ಆಚೆ" ಎಂದು ಗದರಿಸಿ, ಅವರೇ ಅನುಮತಿಸು ಒತ್ತಿದರು.

ನಾನು ನನ್ನ ಕಂಪ್ಯೂಟರಿಗೆ ಬಂದು ದೋಣಿಯನ್ನು ದಡಕ್ಕೆ ತಂದೆ. ಆಟದೊಳಗಿನ ಅತ್ತೆಯ ಬೊಂಬೆ ಎರಡು ಸಲ ನೀರಿಗೆ ಬಿದ್ದು, ಕೊನೆಗೆ ಹತ್ತಿತು. ಅವನ ಜಾಗದಲ್ಲಿ ಕೂರಲಿಲ್ಲ. ನನ್ನ ಪಕ್ಕಕ್ಕೇ ಬಂದು ಒತ್ತಿಕೊಂಡು ಕೂತಿತು.

ಇಬ್ಬರೂ ಒಂದೇ ಕಡೆ ಕೂತರೆ ಈ ದೋಣಿ ವಾಲಿಬಿಡುತ್ತದೆ. ಹೇಳಬೇಕು ಎಂದುಕೊಂಡೆ.

ವಾಲಲಿಲ್ಲ. ನೆಟ್ಟಗೆ ನಿಂತಿತ್ತು.

ಒಳಕೋಣೆಯಿಂದ ಅತ್ತೆಯ ದನಿ. ನನಗಲ್ಲ. ಮೆಲ್ಲಗೆ, ಯಾರನ್ನೋ ಗದರುವ ಹಾಗೆ —

"ಇಷ್ಟು ಹೊತ್ತು ಬೇಕೇನೋ ಒಂದು ಹಾಲು ತರೋಕೆ..."

ನಾನು ಆ ಕಡೆಯ ಖಾಲಿ ಹಲಗೆಯನ್ನೇ ನೋಡುತ್ತಾ ಕೂತೆ.